ಮಣೆ ಹೊರಗಿಟ್ಟ ಮನೆ

ನಾನು ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಮ್ಮ ಮನೆಯ ಮಣೆ ಒಂದು ಸಲವೂ ಹೊರಗೆ ಬಿದ್ದಿರಲಿಲ್ಲ. ಹಾಗೆಂದು ನಾನೇ ಹತ್ತು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಬಸಿರು ನಿಲ್ಲದೆ ಹೋದಾಗಲೂ ಸೆರಗು ಕಚ್ಚಿಕೊಂಡು ಒಳಗೇ ಬಿದ್ದಿದ್ದೆನೇ ಹೊರತು ಮಣೆ ಮುಟ್ಟಲಿಲ್ಲ. ಅದನ್ನೂ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಮಣೆಯೆಂದರೆ ಹಲಸಿನ ಮರದ್ದು, ಎಲ್ಲರ ಮನೆಯಲ್ಲೂ ಇರುವಂಥದೇ. ಆದರೆ ಊಟಕ್ಕೆ ಕೂರುವುದಲ್ಲ, ಬೇರೆಯೇ ಇಟ್ಟಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ತಡೆಯಲಾರದ ನೋವು ಬಂದರೆ ಅದನ್ನು ಬಾಗಿಲ ಮುಂದೆ ಬೀದಿಗೆ ಕಾಣುವ ಹಾಗೆ ಹಾಕಿ, ಪಕ್ಕದಲ್ಲಿ ಎಲೆ ಅಡಿಕೆ ತಟ್ಟೆ ಇಡುತ್ತಾರೆ. ದಾರಿಯಲ್ಲಿ ಹೋಗುವವರು ಯಾರಾದರೂ ಬಂದು ಕುಳಿತು, ಎಲೆ ಬಾಯಿಗೆ ಹಾಕಿಕೊಂಡು, ನೋವಿನವರ ಕೈ ಹಿಡಿಯುತ್ತಾರೆ. ಎಲೆ ಅಗಿದು ಉಗಿಯುವ ತನಕ ನೋವು ಅವರದು. ಆಮೇಲೆ ಕೈಗೆ ಕೈ ಕೊಟ್ಟು ವಾಪಸು ಮಾಡಿ ಎದ್ದು ಹೋಗುತ್ತಾರೆ. ಅಷ್ಟು ಹೊತ್ತಿನಲ್ಲಿ ನೋವಿನವರು ಒಂದು ಕೋಳಿನಿದ್ದೆ ತೆಗೆಯಬಹುದು, ನಾಲ್ಕು ತುತ್ತು ಉಣ್ಣಬಹುದು. ನೋವು ಎಲ್ಲಿಯದು, ಎಂಥದು, ಎಷ್ಟು ಎಂದು ಹಿಡಿದವರಿಗೆ ತಿಳಿದುಹೋಗುತ್ತದೆ. ಬಚ್ಚಿಡಲಾಗದು. ಹಲ್ಲುನೋವೆಂದು ಮಣೆ ಹಾಕಿ, ಗಂಡ ಹೊಡೆದ ಏಟೆಂದು ಬೀದಿಗೆಲ್ಲ ಗೊತ್ತಾದ ಮನೆಗಳೂ ಇವೆ.

ಕಟ್ಟು ಒಂದೇ. ಒಂದು ಒಲೆಯ ಅನ್ನ ಉಣ್ಣುವವರು ಒಬ್ಬರ ನೋವು ಒಬ್ಬರು ಹೊರಲಾಗುವುದಿಲ್ಲ. ತಾಯಿ ಮಗುವಿನದು ಹೊರಲಾರಳು, ಹೆಂಡತಿ ಗಂಡನದು ಹೊರಲಾರಳು. ಹಿಡಿದು ಕುಳಿತರೆ ಬರೀ ಕೈ, ಬರೀ ಬೆವರು. ಅಣ್ಣತಮ್ಮಂದಿರು ಹಿಸ್ಸೆಯಾಗಿ ಬೇರೆ ಒಲೆ ಹೂಡಿದರೆ, ಆ ಒಲೆಯ ಮೊದಲ ತುತ್ತು ನುಂಗಿದ ಗಳಿಗೆಯಿಂದ ಹೊರಬಹುದು. "ಬೇರೆ ಆದ್ಮೇಲೇ ಕಣ್ರಯ್ಯ ಅಣ್ತಮ್ಮಂದ್ರು ಒಂದಾಗೋದು" ಎಂದು ತಮ್ಮಣ್ಣಜ್ಜ ಅರಳಿಕಟ್ಟೆಯ ಮೇಲೆ ಕುಳಿತು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿರುತ್ತಾನೆ.

ನಾನು ಮನೆಗೆ ಹೊಂದಿಕೊಂಡ ಹಿಟ್ಟಿನ ಮಿಲ್ಲು ನಡೆಸುವವಳು. ಮೆಷಿನ್ನಿನ ಸದ್ದಿನ ಮೇಲೆ ಕೂಗಾಡಿ ಅಭ್ಯಾಸವಾಗಿ, ಮೆಷಿನ್ನು ನಿಂತಾಗಲೂ ನನ್ನ ಗಂಟಲು ಇಳಿಯುವುದಿಲ್ಲ. ಕಲ್ಲು ಸೇರಿದ ರಾಗಿ ತಂದವರಿಗೆ ಬೈದಿದ್ದೇನೆ. ಸರದಿ ಮುರಿದವರ ಮಕ್ಕರಿ ಬುಟ್ಟಿ ಎತ್ತಿ ಬೀದಿಗೆ ಎಸೆದಿದ್ದೇನೆ. ಎದುರುಮನೆಯ ಹೊಂಬಾಳಮ್ಮನ ಚರಂಡಿ ನೀರು ನಮ್ಮ ಬಾಗಿಲಿಗೆ ಹರಿದ ದಿನ ಶುರುವಾದ ಜಗಳ ಎಷ್ಟೋ ಮಳೆಗಾಲ ಕಳೆದರೂ ಮುಗಿದಿರಲಿಲ್ಲ. ಬೈದವರ ಮುಂದೆಯೇ ಮಣೆ ಹಾಕಿ "ಬಂದು ಹೊರ್ರಪ್ಪ" ಎಂದು ಅಂಗಲಾಚುವುದು ಹೇಗೆ? ನನ್ನ ಕೈಲಾಗದ್ದನ್ನು ನಾನು ಮಾನ ಎಂದು ಕರೆಯುತ್ತಿದ್ದೆ.

ನನ್ನ ಗಂಡ ಚೆಲುವಯ್ಯ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸುವ ಕೆಲಸದವನು. ಸೋದರಮಾವನ ಮಗ, ಹುಟ್ಟಿದಾಗಿನಿಂದ ನನಗೆ ಬಾವ. ನನ್ನ ಬಾಯಿಗೆ ಎದುರಾಗಿ ದೇವರು ಅವನಿಗೆ ಮಾತೇ ಕೊಟ್ಟಿಲ್ಲ. ಲಾರಿಯಿಂದ ಇಳಿಸುವಾಗ ದಿಮ್ಮಿಯೊಂದು ಜಾರಿ ಅವನ ಸೊಂಟದ ಮೇಲೆ ಬಿತ್ತು. ಆಪರೇಷನ್ ಮಾಡಿ ರಾಡು ಹಾಕಿ ಮನೆಗೆ ಕಳಿಸಿದರು. ಜೊತೆಗೆ ನೋವಿನ ಮಾತ್ರೆ. ತಮ್ಮಣ್ಣಜ್ಜ ಬಾಗಿಲಿಗೆ ಬಂದು, "ಮಣೆ ಹಾಕ್ಲಿಲ್ವೇನವ್ವ ಕೆಂಪಾಜಮ್ಮ? ನಾಕ್ ಜನ ಕಾಯ್ತಾವ್ರೆ" ಎಂದ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತು, "ನಮ್ಮನೇಲಿ ಮಾತ್ರೆ ಅವೆ ಕಣಜ್ಜ. ಮಣೆ ಹಾಕೋ ಗತಿಗೇಡು ನಮಗಿನ್ನೂ ಬಂದಿಲ್ಲ" ಎಂದೆ. ಮಂಚದ ಮೇಲಿದ್ದ ಬಾವ ಬಾಗಿಲ ಕಡೆ ನೋಡಿದ. ನೋಡಿದ್ದು ನನಗೆ ಕಾಣಿಸಿತು. ಕಂಡೂ ನಾನು ಒಳಗೆ ಹೋಗಿ ಮಣೆಯನ್ನು ಎತ್ತಿ ಅಟ್ಟಕ್ಕೆ ಎಸೆದೆ.

ಆ ಮಾತ್ರೆಗೆ ಯಾರ ಕೈಯೂ ಬೇಕಿರಲಿಲ್ಲ. ನುಂಗಿ ಅರ್ಧ ಗಳಿಗೆಯಲ್ಲಿ ಬಾವನ ಹಣೆಯ ಗಂಟು ಬಿಚ್ಚಿಕೊಳ್ಳುತ್ತಿತ್ತು. "ಹೆಂಗೈತೆ ಬಾವ?" ಎಂದರೆ, "ಬೆಚ್ಚಗೆ ಕಂಬಳಿ ಹೊದ್ಸಿದಂಗೈತೆ" ಎನ್ನುತ್ತಿದ್ದ. ಮೂಳೆ ಕೂಡಿತು, ಕೋಲು ಬಿಟ್ಟು ನಡೆದ, ಮಾತ್ರೆ ಮಾತ್ರ ಬಿಡಲಿಲ್ಲ. ಮೊದಲು ಹೊತ್ತಿಗೆ ಒಂದಾಗಿದ್ದದ್ದು ಎರಡಾಯಿತು, ಆಮೇಲೆ ಹೊತ್ತೇ ಇಲ್ಲದಾಯಿತು. ಮುದ್ದೆ ಮುರಿಯುತ್ತ ಹಾಗೆಯೇ ತೂಕಡಿಸುವನು. ಮೂಗು ತುರಿಸಿಕೊಳ್ಳುವನು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿರುತ್ತಿತ್ತು. ಮಾತ್ರೆ ತಡವಾದ ದಿನ ಆಕಳಿಕೆ ಮೇಲೆ ಆಕಳಿಕೆ, ಮೂಗಲ್ಲಿ ನೀರು, ಮೈಯೆಲ್ಲ ಬೆವರು. ನಾನು ನೆಗಡಿ ಎಂದು ಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದೆ. ನಮ್ಮಿಬ್ಬರದು ಒಂದೇ ಒಲೆ. ಕೈ ಹಿಡಿದರೂ ನನಗೇನು ತಿಳಿಯಬೇಕು?

ಪೇಟೆಬೀದಿಯ ಕ್ಲಿನಿಕ್ಕಿನಲ್ಲಿ ಕೈ ಹಿಡಿದು ನೋಡಿಯೇ ಚೀಟಿ ಬರೆಯುವುದು. ಡಾಕ್ಟರು ಒಂದು ದಿನ ಹಿಡಿದು, "ಸೊಂಟದಲ್ಲಿ ಏನೂ ಇಲ್ಲವಲ್ಲಯ್ಯ, ಇನ್ನು ಮಾತ್ರೆ ಬೇಡ" ಎಂದರಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಬಾವ ಮಾರನೆಯ ದಿನದಿಂದ ಊರಿನ ಮಣೆ ಮಣೆಗೂ ಹೋಗಿ ಕೂರಲು ಶುರುಮಾಡಿದ. ಬರೀ ಕೂರುವುದಲ್ಲ. ಎಲೆ ಮುಗಿದರೂ ನೋವು ವಾಪಸು ಕೊಡದೆ, "ನಾನೇ ಸಾಯಂಕಾಲದ ತಂಕ ಮಡಿಕ್ಕೊಂಡಿರ್ತೀನಿ, ನೀವು ಮಲೀಕ್ಕೊಳಿ" ಎಂದು ಹೊತ್ತುಕೊಂಡೇ ಎದ್ದು ಹೋಗುತ್ತಿದ್ದ. ಒಬ್ಬರ ಮಂಡಿ, ಇನ್ನೊಬ್ಬರ ದವಡೆ, ಬಾಣಂತಿಯ ಬೆನ್ನು. ಹೊತ್ತವನು ನೆಟ್ಟಗೆ ಕ್ಲಿನಿಕ್ಕಿಗೆ ಹೋಗುತ್ತಿದ್ದ. ಡಾಕ್ಟರು ಎರಡು ಉಸಿರಿನಷ್ಟು ಹೊತ್ತು ಕೈ ಹಿಡಿಯುವವರು. ಮೇಲಿದ್ದ ನೋವು ಸಿಗುತ್ತಿತ್ತು, ಚೀಟಿ ಬರೆಯುತ್ತಿದ್ದರು.

ಊರಿಗೆ ಇದು ಯಾಕೆ ತಿಳಿಯಬೇಕು? ಮಾತ್ರೆಯ ಜೊತೆ ಮಲಗೆದ್ದ ನೋವು ಸಂಜೆ ವಾಪಸು ಬರುವಾಗ ಅರ್ಧ ಆಗಿರುತ್ತಿತ್ತು. "ಚೆಲುವಣ್ಣನ ಕೈಯಾಗೆ ಏನೋ ಅದೆ" ಎಂದರು. ಧರ್ಮಾತ್ಮ ಎಂದರು. ಮದುವೆ ಮನೆಗಳಲ್ಲಿ ನನ್ನನ್ನು ಕೈ ಹಿಡಿದು ಮೊದಲ ಪಂಕ್ತಿಗೆ ಕೂರಿಸಿದರು. ಮಿಲ್ಲಿಗೆ ಬಂದವರು ನಾನು ಬೈದರೂ ನಕ್ಕರು. ನಾನು ಬೀಗಿದೆ. "ನಮ್ಮನೆ ಮಣೆ ಹೊರಗ್ ಬಿದ್ದಿಲ್ಲ, ನಿಮ್ ಮನೆಮನೆ ಮಣೆ ನಮ್ ಬಾವ ಸವೆಸ್ತಾವ್ನೆ" ಎಂದು ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದೆ. ಈ ಮಾತು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಹೊಂಬಾಳಮ್ಮನ ಮನೆಯ ಮುಂದೆ ಮಣೆ ಬಿದ್ದದ್ದು ಒಂದು ಬೆಳಿಗ್ಗೆ. ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. ನಾನು ಮುಖ ತಿರುಗಿಸಿ ಕಸ ಗುಡಿಸಿದೆ. ಬಾವ ಹೋಗಿ ಅವಳ ಕೈ ಹಿಡಿದ. ಹಿಡಿದವನ ಮುಖ ಒಂದು ಸಲ ಕಿವುಚಿಕೊಂಡಿತು. ಎದ್ದು, ಬಗ್ಗಿಕೊಂಡೇ ಪೇಟೆಬೀದಿಯ ಕಡೆ ನಡೆದ. ಹೊಂಬಾಳಮ್ಮ ಆ ದಿನವೆಲ್ಲ ಸಂಡಿಗೆ ಹಿಟ್ಟು ಕಲಸಿದಳು, ಮಾಳಿಗೆ ಹತ್ತಿ ಒಣಗಿಸಿದಳು. ಸಂಜೆ ಬಾವ ವಾಪಸು ಕೊಡಲು ಹೋಗಲಿಲ್ಲ. ಮಿಲ್ಲಿನ ಗೋಣಿಚೀಲಗಳ ಮೇಲೆ ಬಾಯಿ ತೆರೆದು ಮಲಗಿದ್ದ. ಅವಳೂ ಕೇಳಲಿಲ್ಲ. ನೋವು ವಾಪಸು ಕೊಡು ಎಂದು ಯಾರು ತಾನೆ ಕೇಳಿಕೊಂಡು ಬರುತ್ತಾರೆ? ಮಾರನೆಯ ದಿನ ನಲ್ಲಿಯ ಹತ್ತಿರ ಬಿಂದಿಗೆ ಸಮೇತ ಬಿದ್ದಳು. ಮೈ ಕೆಂಡ, ಹೊಟ್ಟೆ ಹಲಗೆ. ನೋವು ಮಾತ್ರ ಇರಲಿಲ್ಲ.

ಆಸ್ಪತ್ರೆಗೆ ಬೀದಿಯೇ ಹೋಯಿತು, ನಾನೂ ಹೋದೆ. ಡಾಕ್ಟರಮ್ಮ ನಫೀಸಾ ಹೊರಗಿನವಳಾದರೂ ನಮ್ಮೂರಿನ ಕಟ್ಟು ಕಲಿತವಳು. ಹೊಟ್ಟೆ ಅದುಮಿ ನೋಡಿ ತಲೆ ಎತ್ತಿ ಕೇಳಿದಳು: "ಇವರ ನೋವು ಯಾರ ಹತ್ರ ಇದೆ?" ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆಯೇ ಮುಂದುವರಿಸಿದಳು: "ಕರುಳಿನ ತುದಿ ಒಳಗೇ ಒಡೆದಿದೆ. ಇಷ್ಟೊತ್ತಿಗೆ ಇವರು ಊರು ಒಂದಾಗೋ ಹಾಗೆ ಕಿರುಚಬೇಕಿತ್ತು. ಕಿರುಚಿದ್ದರೆ ನಿನ್ನೆಯೇ ಕರ್ಕೊಂಡು ಬರ್ತಿದ್ರಿ. ಯಾರ ಹತ್ರ ಇದೆ?" ಹೊಂಬಾಳಮ್ಮನ ಗಂಡ ಸಿದ್ದರಾಜು ನಿಧಾನವಾಗಿ ನನ್ನ ಕಡೆ ತಿರುಗಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು.

ಓಡಿಹೋಗಿ ಬಾವನ ಕೆನ್ನೆಗೆ ಬಾರಿಸಿ ಎಬ್ಬಿಸಿ ಎಳೆದುಕೊಂಡು ಬಂದೆ. ಅವನು ಹೊಂಬಾಳಮ್ಮನ ಕೈ ಹಿಡಿದು ವಾಪಸು ಕೊಟ್ಟ. ಎರಡು ದಿನದ್ದು ಒಂದೇ ಏಟಿಗೆ ಹೋಯಿತು. ಅವಳು ಕಿರುಚಿದ ಕಿರುಚು ಇದೆಯಲ್ಲ, ಅದು ಆಸ್ಪತ್ರೆಯ ಹೆಂಚಿಗೆ ತಾಗಿ ನನ್ನ ತಲೆಯ ಮೇಲೆಯೇ ಬಿದ್ದ ಹಾಗಾಯಿತು. ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಡಾಕ್ಟರಮ್ಮ ಬಾವನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟಳು. "ಇವರು ಯಾವ ಮಾತ್ರೆ ತಗೋತಾರಮ್ಮ?" ಎಂದು ನನ್ನನ್ನು ಕೇಳಿದಳು. ಬೀದಿಯೆಲ್ಲ ನಿಂತಿತ್ತು. ಬಾವನ ಜೇಬಿನಿಂದ ಮಾತ್ರೆಯ ಹಾಳೆಗಳು ತಾವಾಗಿಯೇ ಇಣುಕುತ್ತಿದ್ದವು. ಸಿದ್ದರಾಜು ಹತ್ತಿರ ಬಂದು ಅವುಗಳನ್ನು ಎಳೆದು ನೋಡಿ, ಒಂದು ಬೈಗುಳವನ್ನೂ ಬೈಯದೆ, ಜೇಬಿಗೇ ವಾಪಸು ತುರುಕಿದ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಹೊಂಬಾಳಮ್ಮ ಬದುಕಿದಳು. ಆದರೆ ಮನೆಗೆ ಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನನ್ನ ಮಿಲ್ಲಿಗೆ ಎಲ್ಲರೂ ಮಕ್ಕರಿ ತರುವುದನ್ನು ಬಿಟ್ಟಿದ್ದರು. ಆಚೆ ಬೀದಿಯ ಮಿಲ್ಲಿಗೆ ಹೊತ್ತು ಹೋಗುವವರು ನಮ್ಮ ಬಾಗಿಲ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದರು. ನಲ್ಲಿಯಲ್ಲಿ ಹೆಂಗಸರು, "ದಾರಿ ಬುಡ್ರವ್ವ, ಧರ್ಮಾತ್ಮನ ಹೆಂಡ್ರು ಬಂದ್ರು, ಮೊದಲ ಬಿಂದಿಗೆ ಅವರ್ದೇ" ಎಂದು ಸರಿದು ನಿಂತರು. ಬಿಂದಿಗೆ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಬಂದೆ.

ಒಳಗೆ ಬಂದು ಎಲ್ಲವನ್ನೂ ಬಾವನ ಮೇಲೆ ಸುರಿದೆ. ಪೊರಕೆಯಲ್ಲಿ ಹೊಡೆದೆ. ಇದ್ದಬದ್ದ ಮಾತ್ರೆಗಳನ್ನು ಕಿತ್ತುಕೊಂಡು ರಾಗಿ ಡಬ್ಬದೊಳಗೆ ಹಾಕಿ ಬೀಗ ಜಡಿದು, ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡೆ. ಅವನು ನೆಲದ ಮೇಲೆ ಕಾಲು ಉಜ್ಜುತ್ತ ಒದ್ದಾಡಿದ. ವಾಂತಿ, ಭೇದಿ. ಮೈಯೆಲ್ಲ ಪುಕ್ಕ ಕಿತ್ತ ಕೋಳಿಯ ಹಾಗೆ ನವಿರೆದ್ದು ನಿಂತಿತ್ತು. "ನಾಟಕ ಆಡ್ತೀಯಾ? ಸೊಂಟ ವಾಸಿಯಾಗಿ ಯಾವ ಕಾಲ ಆಯ್ತು! ಎಲ್ಲೈತೆ ನೋವು, ತೋರ್ಸು" ಎಂದೆ. "ನೋವಿಗಲ್ಲ ಕಣೆ ಕೆಂಪಿ ಈಗ ತಗೊಳ್ಳೋದು. ತಗೊಳ್ದಿದ್ರೆ ಬತ್ತದಲ್ಲ, ಇದಕ್ಕೆ" ಎಂದ. ಆ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಅವನ ನರಳಾಟ ಬೀದಿಗೆ ಕೇಳುತ್ತಿದೆ. ಬೀಗ ತೆಗೆದು ಒಂದು ಮಾತ್ರೆ ಕೊಟ್ಟೆ. ನರಳಾಟ ನಿಂತಿತು. ಮಾರನೆಯ ದಿನವೂ ಕೊಟ್ಟೆ. ಬೈಯುವುದು, ಹೊಡೆಯುವುದು, ಕೊನೆಗೆ ಬೀಗ ತೆಗೆದು ಕೊಡುವುದು. ಗಂಡನನ್ನು ಉಳಿಸಿಕೊಳ್ಳುವುದಕ್ಕಲ್ಲ, ಸದ್ದು ಹೊರಗೆ ಹೋಗದಿರಲಿ ಎಂದು.

ಹೀಗಿರುವಾಗ ಮೂಲೆಮನೆಯವರು ಕಿವಿನೋವಿನ ಮಗುವಿಗೆಂದು ಮಣೆ ಹಾಕಿದರು. ಮಗು ಅಳುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಬಾವ ಗೋಣಿಚೀಲದ ಮೇಲಿಂದ ಎದ್ದು ಬಾಗಿಲ ಕಡೆ ಹೊರಟ. ನಾನು ನೋಡುತ್ತಲೇ ಇದ್ದೆ, ತಡೆಯಲಿಲ್ಲ. ಹೊಸಿಲ ಹತ್ತಿರ ಅವನೇ ನಿಂತು, ಎರಡು ಕೈಯಲ್ಲೂ ಬಾಗಿಲವಾಡ ಹಿಡಿದುಕೊಂಡು, ತಿರುಗದೆಯೇ ಹೇಳಿದ: "ಆ ಕೂಸಿಂದೂ ಕದಿಯಕ್ಕೆ ಹೊಂಟೆ ಕಣೆ. ನನ್ ಕಟ್ಟಾಕು. ಇಲ್ದಿದ್ರೆ ಆ ಡಾಕ್ಟ್ರಮ್ಮನ ತಾವ ಕರ್ಕೊಂಡೋಗು."

ಬೆಳಿಗ್ಗೆ ಕರೆದುಕೊಂಡು ಹೋದೆ. ಮುಖಕ್ಕೆ ಸೆರಗು ಎಳೆದುಕೊಂಡೇ ಹೋದೆ. ಡಾಕ್ಟರಮ್ಮ ಅವನನ್ನು ಬಿಟ್ಟು ಮೊದಲು ನನ್ನನ್ನು ಕೂರಿಸಿ, "ಇದು ಬೈದು ಬಿಡಿಸೋ ಕಾಯಿಲೆ ಅಲ್ಲಮ್ಮ" ಎಂದಳು. ನಾನು ಬೈಯುತ್ತೇನೆಂದು ಇವಳಿಗೆ ಯಾರು ಹೇಳಿದರು? ಊರಿಗೇ ಗೊತ್ತಿರುವುದು ಇವಳಿಗೆ ಗೊತ್ತಿರದೇ? "ಇದಕ್ಕೆ ಬೇರೆ ಮಾತ್ರೆ ಇದೆ. ನಾಲಿಗೆ ಅಡಿ ಇಟ್ಟು ಕರಗಿಸೋದು. ಒದ್ದಾಟಾನೂ ತಡೆಯುತ್ತೆ, ಆಸೆನೂ ತಡೆಯುತ್ತೆ. ಆದ್ರೆ ಹಳೇದು ಮೈಯಲ್ಲಿ ಇರೋವಾಗ ಇಟ್ಟರೆ ಒದ್ದಾಟ ಇನ್ನೂ ಜೋರಾಗುತ್ತೆ. ಕೊನೇ ಮಾತ್ರೆ ನಿನ್ನೆ ಸಂಜೆ ಅಂತೀರಿ. ಇವತ್ತು ಸಂಜೆ ತನಕ ಏನೂ ಕೊಡಬೇಡಿ. ಒದ್ದಾಟ ಪೂರ್ತಿ ಹತ್ತಲಿ, ಕರ್ಕೊಂಡು ಬನ್ನಿ." ಮಂಚ ಒಂದೂ ಖಾಲಿ ಇರಲಿಲ್ಲ, ಮನೆಗೇ ಹೋಗಬೇಕಿತ್ತು. ಹೊರಡುವಾಗ, "ಮಣೆ ಹಾಕಿ" ಎಂದಳು. "ಬೀದಿಯವರು ಹೊತ್ತುಕೊಂಡರೆ ಇವರು ಸಂಜೆ ತನಕ ತಡ್ಕೋತಾರೆ. ನೋವು ಕೈ ಬದಲಾದ್ರೂ ಕಣ್ಣು, ಮೈ ನವಿರು ಸುಳ್ಳು ಹೇಳಲ್ಲ. ನನಗೆ ಅಷ್ಟು ಸಾಕು. ಮಣೆ ಹಾಕಲಿಲ್ಲ ಅಂದ್ರೆ ಮಧ್ಯಾಹ್ನದ ಹೊತ್ತಿಗೆ ನೀವು ಹೇಳಿದ ಆ ಡಬ್ಬದ ಬೀಗ ಒಡೀತಾರೆ."

ಅಟ್ಟ ಹತ್ತಿ ಮಣೆ ಇಳಿಸಿದೆ. ಇಲಿ ಒಂದು ಮೂಲೆ ಕಡಿದಿತ್ತು. ತೊಳೆದೆ, ಒರೆಸಿದೆ, ಹೊಸಿಲ ತನಕ ತಂದೆ. ಅಲ್ಲಿಂದಾಚೆ ಕೈ ಮುಂದೆ ಹೋಗಲಿಲ್ಲ. ಒಳಗೆ ಬಾವ ಹಲ್ಲು ಕಚ್ಚಿ "ಕೆಂಪೀ" ಎಂದ. ಮಣೆಯನ್ನು ಹೊರಗಿಟ್ಟು, ಎಲೆ ಅಡಿಕೆ ಇಟ್ಟು, ಅವನನ್ನು ತಂದು ಬಾಗಿಲಿಗೆ ಒರಗಿಸಿದೆ.

ಯಾರೂ ಬರಲಿಲ್ಲ. ಬರುವವರು ದೂರದಿಂದ ಮಣೆ ನೋಡಿ ಎದುರು ಸಾಲಿನ ಗೋಡೆಗೆ ಅಂಟಿಕೊಂಡು ದಾಟಿದರು. ತಮ್ಮಣ್ಣಜ್ಜ ಮಾತ್ರ ಕೋಲೂರಿ ನಿಂತು, "ಗತಿಗೇಡು ಬಂತೇನವ್ವ?" ಎಂದ. ನನ್ನ ಮಾತನ್ನು ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡಿದ್ದ ಮುದುಕ! ನಾನು ತಲೆ ಎತ್ತದೆ, "ಬಂತು ಕಣಜ್ಜ" ಎಂದೆ. ಅಜ್ಜ ಕೋಲಿನಿಂದ ಮಣೆಯನ್ನು ಮೆಲ್ಲಗೆ ತಟ್ಟಿದ. "ನನ್ ಗುಂಡಿಗೆ ಹಳೇದು. ಇಂಥದ್ನ ಹೊತ್ರೆ ಮಣೆ ಮ್ಯಾಲೇ ಹೋಗ್ಬುಡ್ತೀನಿ" ಎಂದು ಹೋದ. ಬಿಸಿಲು ಏರಿತು. ಬಾವ ಮಂಡಿ ಎದೆಗೆ ಎಳೆದುಕೊಂಡು ನಡುಗುತ್ತಿದ್ದ. ಅವನ ಕೈ ಹಿಡಿದೆ. ಬರೀ ಕೈ, ಬರೀ ಬೆವರು. ಸಿಟ್ಟು ನೆತ್ತಿಗೇರಿತು. ಬೀದಿಯ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಎದ್ದು ಹಿತ್ತಲಿಗೆ ಹೋಗಿ ಮೂರು ಕಲ್ಲು ತಂದೆ.

ಬೀದಿಯಲ್ಲೇ, ಮಣೆಯ ಪಕ್ಕ, ಕಲ್ಲು ಹೂಡಿ ಒಲೆ ಹಚ್ಚಿದೆ. ಹಿತ್ತಲಲ್ಲೂ ಹಚ್ಚಬಹುದಿತ್ತು. ಆದರೆ ಕದ್ದು ಮಾಡಿದ್ದು ಸಾಕಾಗಿತ್ತು. ಹೊಗೆ ಎದ್ದಾಗ ಬಾಗಿಲುಗಳು ತೆರೆದುಕೊಂಡವು. ಗಂಡ ಬದುಕಿರುವಾಗ ಹೆಂಡತಿ ಬೇರೆ ಒಲೆ ಹೂಡುವುದೆಂದರೆ ನಮ್ಮೂರಲ್ಲಿ ತಾಳಿ ಕಿತ್ತುಕೊಟ್ಟಷ್ಟೇ ಸೈ. "ಬುಟ್ಲು ಕಣ್ರೇ ಗಂಡನ್ನ!" ಎಂದು ಯಾರೋ ಹೇಳಿದ್ದು ಕೇಳಿಸಿತು. ಬಾವನೂ ಹಾಗೆಯೇ ತಿಳಿದ. ನಡುಗುವ ಬಾಯಲ್ಲೇ, "ಸರಿ ಕಣೆ. ನೀನು ಮಾಡಿದ್ದು ಸರಿ" ಎಂದ. "ಬಾಯ್ ಮುಚ್ಕೊಂಡು ಕುಂತ್ಕೊ" ಎಂದೆ. ಗಂಜಿ ಬೆಂದಿತು. ಉಪ್ಪು ಹಾಕುವುದು ಮರೆತಿದ್ದೆ. ಬೀದಿಯೆಲ್ಲ ನೋಡುತ್ತಿರುವಾಗ ಮೊದಲ ತುತ್ತು ನುಂಗಿದೆ. ಒಂದು ಎಲೆ ಮಡಿಸಿ ದವಡೆಗಿಟ್ಟು, ನನ್ನ ಮನೆಯ ಮಣೆಯ ಮೇಲೆ ಹೊರಗಿನವಳಾಗಿ ಕುಳಿತು, ಬಾವನ ಕೈ ಹಿಡಿದೆ.

ನೋವು ಬರುತ್ತದೆಂದು ಮೈ ಬಿಗಿ ಹಿಡಿದಿದ್ದೆ. ಬಂತು. ಮೂಳೆಯೊಳಗೆ ಇರುವೆ ಬಿಟ್ಟ ಹಾಗೆ, ಕಾಲುಗಳನ್ನು ಬಿಚ್ಚಿ ಎಸೆಯಬೇಕೆನ್ನುವ ಹಾಗೆ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಅದು ನೋವಲ್ಲ. ಬಾಯಾರಿಕೆ ಎನ್ನೋಣವೆಂದರೆ ನೀರಿನದಲ್ಲ. ಉಪವಾಸವಿದ್ದ ಮೈಯೆಲ್ಲ ಒಂದೇ ಬಾಯಾಗಿ ಒಂದೇ ಮಾತು ಕೂಗುತ್ತಿತ್ತು. ನನ್ನ ಹೆಸರು, ಮಿಲ್ಲು, ಮಾನ, ಹೊಂಬಾಳಮ್ಮನ ಕಿರುಚು, ಎಲ್ಲ ಆ ಕೂಗಿನ ಕೆಳಗೆ ಎಲ್ಲೋ ಹೋದವು. ಯಾವಾಗ ಎದ್ದೆನೋ ತಿಳಿಯದು. ನೋಡಿಕೊಂಡಾಗ ಒಳಗಿದ್ದೆ. ಸೆರಗಿನ ಗಂಟು ಬಿಚ್ಚಿತ್ತು, ಬೀಗ ತೆರೆದಿತ್ತು, ಮೊಣಕೈ ತನಕ ರಾಗಿಯಲ್ಲಿ ಕೈ ಹೂತಿತ್ತು, ಬೆರಳಿಗೆ ಮಾತ್ರೆಯ ಹಾಳೆ ಸಿಕ್ಕಿತ್ತು. ಒಂದನ್ನು ಒತ್ತಿ ತೆಗೆದೂ ಆಗಿತ್ತು. ಬಾಯಲ್ಲಿ ಎಲೆ ಇನ್ನೂ ಅರ್ಧ ಅಗಿದಿರಲಿಲ್ಲ. ಬಾವ ದಿನಾ ಪೂರ್ತಿ ಹೊತ್ತದ್ದನ್ನು ನಾನು ಅರ್ಧ ಎಲೆಯಷ್ಟು ಹೊತ್ತು ತಡೆಯಲಾಗಿರಲಿಲ್ಲ. ಅವನನ್ನು ಇದೇ ಕೈಯಲ್ಲಿ ಪೊರಕೆ ಹಿಡಿದು ಹೊಡೆದಿದ್ದೆ.

ಬಾಗಿಲಲ್ಲಿ ಬಾವ ನಿಂತಿದ್ದ. ನೋವು ನನ್ನ ಹತ್ತಿರ ಇದ್ದುದರಿಂದ ಎದ್ದು ನಿಲ್ಲಲು ಆಗಿತ್ತು. ನನ್ನ ಅಂಗೈ ನೋಡಿದ. ನಗಲಿಲ್ಲ, ಬೈಯಲಿಲ್ಲ. "ವಾಪಸ್ ಕೊಡು ಕೆಂಪಿ. ನಿನ್ ಕೈಲಾಗಲ್ಲ" ಎಂದು ಕೈ ಚಾಚಿದ. ಯಾವುದನ್ನು ಕೇಳಿದನೋ, ನೋವನ್ನೋ ಮಾತ್ರೆಯನ್ನೋ, ಅವನಿಗೂ ಗೊತ್ತಿರಲಿಕ್ಕಿಲ್ಲ. ನಾನು ಅವನನ್ನು ತಳ್ಳಿಕೊಂಡು ಹೊರಗೆ ಓಡಿದೆ. ಬೀದಿಯ ನಡುವೆ ನಿಂತು, ಮೆಷಿನ್ನಿನ ಸದ್ದಿನ ಮೇಲೆ ಕೂಗುವ ಗಂಟಲಲ್ಲಿ ಕೂಗಿದೆ. "ಯಾರಾದ್ರೂ ಬಂದು ಇದನ್ನ ನನ್ ಕೈಯಿಂದ ಕಿತ್ಕೊಳ್ರವ್ವಾ! ನಾನು ತಿಂದ್ಬುಡ್ತೀನಿ! ನನ್ ಗಂಡ ಅಲ್ಲ ಕಣ್ರೋ, ನಾನು, ನಾನು ತಿಂದ್ಬುಡ್ತೀನಿ!" ಅಷ್ಟು ವರ್ಷ ಆ ಬೀದಿಯಲ್ಲಿ ಕೂಗಿದ್ದೆ. ಕೇಳಿಕೊಂಡು ಕೂಗಿದ್ದು ಅದೇ ಮೊದಲು.

ಎದುರುಮನೆಯ ಬಾಗಿಲು ತೆರೆಯಿತು. ಹೊಂಬಾಳಮ್ಮ ಹೊಲಿಗೆಯ ಮೇಲೆ ಒಂದು ಕೈ ಒತ್ತಿಕೊಂಡು, ಗೋಡೆ ಹಿಡಿದು ಇಳಿದಳು. "ಎಲ್ಲಿಗಮ್ಮಿ? ಹುಚ್ಚು ಹಿಡೀತಾ?" ಎಂದು ಸಿದ್ದರಾಜು ಹಿಂದಿನಿಂದ ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ. ಚರಂಡಿ ದಾಟುವಾಗ ನಿಂತು ಉಸಿರು ತೆಗೆದುಕೊಂಡಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಾತ್ರೆಯನ್ನೂ ಹಾಳೆಯನ್ನೂ ತೆಗೆದು ತನ್ನ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಮಣೆಯ ಕಡೆ ನಡೆದಳು.

"ಬೇಡ ಕಣೆ, ನಿನಗೆ ಮಾಡಿದ್ದು ಸಾಲ್ದಾ?" ಎಂದೆ. ಅಳು ಬಂದಿತ್ತು.

"ನಿನ್ ಎಲೆ ಮುಗೀತು. ಉಗಿದು ಜಾಗ ಬುಡು" ಎಂದಳು.

ಕುಳಿತಳು. ಎಲೆ ಬಾಯಿಗೆ ಹಾಕಿಕೊಂಡಳು. ನನ್ನ ಹಿಂದೆಯೇ ಹೊರಗೆ ಬಂದು ಬಾಗಿಲಿಗೆ ಒರಗಿದ್ದ ಬಾವನಿಗೆ ನೋವು ವಾಪಸು ಕೊಟ್ಟೆ. ಅವನು ತಲೆ ಎತ್ತದೆ, ಅವಳ ಮುಖ ನೋಡಲಾರದೆ, ಕೈ ಮುಂದೆ ಚಾಚಿದ. ಅವಳು ಹಿಡಿದಳು. ಅವಳ ಮುಖ ಕಿವುಚಿಕೊಂಡಿತು, ಬಿಚ್ಚಿಕೊಂಡಿತು, ಮತ್ತೆ ಕಿವುಚಿತು. "ಅಯ್ಯಯ್ಯಪ್ಪ" ಎಂದಳು. "ಇದಕ್ಕಿಂತ ನಮ್ಮನೆ ಚರಂಡಿ ನೀರೇ ವಾಸಿ ಕಣೇ ಕೆಂಪಿ." ನೋಡುತ್ತ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಬಾವನ ಭುಜ ಅಲುಗಿತು. ನಗುತ್ತಿದ್ದಾನೆ ಎಂದುಕೊಂಡೆ, ಅಳುತ್ತಿದ್ದ. ಸ್ವಲ್ಪ ಹೊತ್ತಿಗೆ ಸಿದ್ದರಾಜು ಗೊಣಗಿಕೊಂಡೇ ಬಂದು ಹೆಂಡತಿಯ ಹಿಂದೆ ನಿಂತ. ಅವಳು ಎದ್ದಾಗ ಅವನು ಕುಳಿತ. ಬಾವನ ಕೈಯನ್ನು ಮುರಿಯುವ ಹಾಗೆ ಹಿಡಿದ. ಎಲೆ ಮುಗಿಯುವ ತನಕ ಬಿಡಲಿಲ್ಲ. ಆಮೇಲೆ ನಲ್ಲಿಯ ಹೆಂಗಸರು ಬಂದರು. ಎಲ್ಲರೂ ಬರಲಿಲ್ಲ. ಬಂದವರಲ್ಲೂ ಕೆಲವರು ಹಿಡಿದೊಡನೆ ಬಿಟ್ಟು ಎದ್ದರು. ಎದ್ದವರ ಮುಖ ನನ್ನ ಮುಖದ ಹಾಗೆಯೇ ಆಗಿತ್ತು.

ಸಂಜೆ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದಳು. ಸಾಸಿವೆಯಂತಿದ್ದ ಪಾಪೆ ಕರಿಮಣಿಯಷ್ಟು ಅಗಲವಾಗಿತ್ತು. ತೋಳಿನ ನವಿರು ಎದ್ದು ನಿಂತಿತ್ತು. "ಈಗ ಸರಿ" ಎಂದು ಮಾತ್ರೆಯನ್ನು ಅವನ ನಾಲಿಗೆಯ ಅಡಿ ಇಟ್ಟಳು. "ನುಂಗಬೇಡಿ, ಕರಗೋ ತನಕ ಮಾತಾಡಬೇಡಿ." ಬಾವ ಮೊದಲೇ ಮಾತಾಡುವವನಲ್ಲ. ಅವನ ಜೊತೆ ನಾನೂ ಬಾಯಿ ಮುಚ್ಚಿ ಕುಳಿತಿದ್ದೆ. ಡಾಕ್ಟರಮ್ಮ ಆಶ್ಚರ್ಯದಿಂದ ನೋಡಿದಳು. ಕರಗಿತು. ಕೊಂಚ ಹೊತ್ತಿಗೆ ಬಾವ ಉದ್ದಕ್ಕೆ ಉಸಿರು ಬಿಟ್ಟ. ಹಳೆಯ ಮಾತ್ರೆಯ ತೂಕಡಿಕೆ ಅಲ್ಲ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿತು.

ಇದು ತಿಂಗಳುಗಟ್ಟಲೆ ನಡೆಯಬೇಕಂತೆ, ವರ್ಷವೂ ಆಗಬಹುದಂತೆ. "ಒಂದು ಮಾತ್ರೆ ಬಿಡ್ಸಕ್ಕೆ ಇನ್ನೊಂದು ಮಾತ್ರೆ" ಎಂದು ಕಟ್ಟೆಯ ಮೇಲೆ ನಗುವವರು ನಗುತ್ತಾರೆ. ನಡುವೆ ಒಂದು ಸಲ ಬಾವ ಎಡವಿದ. ಹಳೆಯದನ್ನು ಎಲ್ಲಿಂದಲೋ ತಂದು ತಿಂದ. ಆ ದಿನ ಪೊರಕೆ ಹುಡುಕಲಿಲ್ಲ, ಮಣೆ ಹಾಕಿದೆ. ಮಿಲ್ಲಿಗೆ ಈಗ ಮಕ್ಕರಿಗಳು ಬರುತ್ತವೆ. ನನ್ನ ಬಾಯಿ ಪೂರ್ತಿ ನಿಂತಿಲ್ಲ. ಬೈಯುವಾಗ ನಡುವೆ ಮಾತು ಕಚ್ಚಿಕೊಳ್ಳುತ್ತದೆ. ಎದುರಿಗಿರುವವಳು ನನ್ನ ಮನೆಯದನ್ನು ಕೈಯಲ್ಲಿ ಹಿಡಿದು ನೋಡಿದವಳು ಎಂದು ನೆನಪಾಗಿ ತಲೆ ತಗ್ಗಿಸಿ ಹಿಟ್ಟು ತೂಗುತ್ತೇನೆ.

ನಮ್ಮ ಮನೆಯಲ್ಲಿ ಇನ್ನೂ ಎರಡು ಒಲೆ. ತಿಳಿಯದವರು ಗಂಡ ಹೆಂಡತಿಗೆ ಜಗಳ ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಮೆಷಿನ್ನು ಹಾಕುವ ಮೊದಲು ಒಂದು ಎಲೆಯಷ್ಟು ಹೊತ್ತು ಬಾವನ ಕೈ ಹಿಡಿಯುತ್ತೇನೆ. ಅವನ ಮೈಯೊಳಗಿನ ಆ ಬಾಯಿ ಇನ್ನೂ ಇದೆ. ಕೂಗು ಕಡಿಮೆಯಾಗಿದೆ. ಒಲೆ ಒಂದು ಮಾಡಿದರೆ ಇದು ನನಗೆ ತಿಳಿಯದೆ ಹೋಗುತ್ತದೆ, ಹಾಗಾಗಿ ಮಾಡಿಲ್ಲ. ಬಾವ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತಾನೆ. ಮೊದಮೊದಲು ದಿನಾ ಸೀಯಿಸುತ್ತಿದ್ದ. ನಿನ್ನೆ ಹುರುಳಿಕಾಳಿನ ಸಾರು ಮಾಡಿದ್ದ. ಒಗ್ಗರಣೆಯ ಘಮ ಗೋಡೆ ದಾಟಿ ನನ್ನ ಒಲೆಯ ತನಕ ಬಂತು. "ಹೆಂಗಾಗೈತೆ ಅಂತ ಹೇಳು" ಎಂದು ಸೌಟು ಹಿಡಿದು ಬಾಗಿಲಿಗೆ ಬಂದ. ಬಂದವನಿಗೆ ಒಲೆಯ ಕಟ್ಟು ನೆನಪಾಗಿ, ಅಲ್ಲೇ ನಿಂತ. ನಾನು ಮೂಗು ಮುಂದೆ ಚಾಚಿ ಘಮವನ್ನಷ್ಟೇ ಎಳೆದುಕೊಂಡು, "ಉಪ್ಪು ಒಂಚೂರು ಕಮ್ಮಿ" ಎಂದೆ.